ನಾನು ನೆಟ್ಟ ಕಾರೆಯಮ್ಮ

ಕಾರೆಯಮ್ಮ ತಾನಾಗಿಯೇ ಬಂದು ನೆಲೆಸಿದ ದೇವತೆ ಎಂದು ನಮ್ಮ ಬಡಾವಣೆಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಆಟೋದವರಿಗೂ ಈಗ ಅದೇ ಗುರುತು. ನಿಜ ಹೇಳಬೇಕೆಂದರೆ ಅದು ನಮ್ಮಮ್ಮನ ಮನೆಯ ರುಬ್ಬುಗುಂಡು. ಅದನ್ನು ಗೋಣಿಚೀಲದಲ್ಲಿ ಸುತ್ತಿ, ಸ್ಕೂಟರಿನಲ್ಲಿ ಕಾಲ ಬಳಿ ಇಟ್ಟುಕೊಂಡು ಹೋಗಿ, ಕಾರೆ ಗಿಡದ ಬುಡದಲ್ಲಿ ಅರ್ಧ ಹೂತು, ಅರಿಶಿನ ಕುಂಕುಮ ಬಳಿದು ಬಂದವಳು ನಾನು. ಭಕ್ತಿಯಿಂದಲ್ಲ, ಬೇರೆ ಗತಿಯಿಲ್ಲದೆ.

ನಾನು ಹುಟ್ಟಿ ಬೆಳೆದದ್ದು ಪೀಣ್ಯದ ಪಕ್ಕದ ರಾಜಗೋಪಾಲನಗರದಲ್ಲಿ. ನಮ್ಮ ವಠಾರದ ಹಿಂದಿನ ಗೋಡೆಗೆ ಅಂಟಿಕೊಂಡೇ ತಗಡು ಕತ್ತರಿಸುವ ಪ್ರೆಸ್ ಶಾಪ್ ಇತ್ತು. ಪ್ರೆಸ್ಸು ಒಂದೊಂದು ಏಟು ಹಾಕಿದಾಗಲೂ ಅಡುಗೆಮನೆಯ ಗೂಡಿನಲ್ಲಿದ್ದ ಲೋಟಗಳು ಅದುರುತ್ತಿದ್ದವು. ಮಾತಾಡುವಾಗ ಏಟು ಬಿದ್ದರೆ ಅಲ್ಲೇ ತಡೆದು, ಸದ್ದು ಹೋದ ಮೇಲೆ ಮುಂದುವರಿಸುವುದು ನಮ್ಮ ಮನೆಯವರಿಗೆಲ್ಲ ಅಭ್ಯಾಸವಾಗಿತ್ತು. ಮದುವೆಯಾದ ಮೇಲೂ ನಾನು ಹಾಗೇ ಮಾತಿನ ಮಧ್ಯೆ ತಡೆಯುತ್ತಿದ್ದೆನಂತೆ. ನನ್ನ ಗಂಡ ಬಹಳ ದಿನ ಅದನ್ನು ನಾಚಿಕೆ ಎಂದುಕೊಂಡಿದ್ದರು. ನನಗೆ ನಾಚಿಕೆಯೆಂಬುದು ಅಷ್ಟಾಗಿ ಇಲ್ಲ ಎನ್ನುವುದು ಅವರಿಗೆ ಆಮೇಲೆ ಚೆನ್ನಾಗಿಯೇ ಗೊತ್ತಾಯಿತು.

ಇಬ್ಬರಿಗೂ ಕೆಲಸ ವೈಟ್‌ಫೀಲ್ಡ್ ಕಡೆಯ ಕಾರ್ಖಾನೆಗಳಲ್ಲಿ, ನನ್ನದು ಸ್ಟೋರ್ಸ್‌ನಲ್ಲಿ. ಹೂಡಿಯಿಂದ ಇನ್ನೂ ಒಳಗೆ, ಟಾರು ಮುಗಿದು ಮಣ್ಣು ರಸ್ತೆ ಶುರುವಾಗುವ ಕಡೆ, ಒಂದು ಸೈಟು ಕೊಂಡೆವು. ಅಲ್ಲಿ ಯಾರೂ ಸೈಟು ಕೊಳ್ಳದ ಕಾಲ ಅದು. ಮೂವತ್ತು ಮನೆಯೂ ಇರಲಿಲ್ಲ. ಬಡಾವಣೆಯ ಮೂರು ದಿಕ್ಕಿಗೂ ಪೊದೆ. ಕಾರೆ, ಎಲಚಿ, ತಂಗಡಿ, ಬಂದರಿಕೆ, ನಡುನಡುವೆ ಹೊಂಗೆ, ಒಂದೆರಡು ಹುಣಸೆ. ಕಾಡು ಎನ್ನಲು ಬಾಯಿ ಬಾರದು. ಆನೆ ಹುಲಿ ಹಾಗಿರಲಿ, ನೆಟ್ಟಗೆ ನೆರಳು ಕೊಡುವ ಮರವೇ ಕಡಿಮೆ. ಆದರೆ ಮೊದಲ ದಿನ ಬೆಳಿಗ್ಗೆ ಗೌಜಲಹಕ್ಕಿ ಕೂಗಿದಾಗ ನಾನು ಎದ್ದು ಕೂತು ಅತ್ತುಬಿಟ್ಟೆ. ಗಂಡ ಗಾಬರಿಯಾಗಿ ಏನಾಯಿತು ಎಂದು ಕೇಳಿದರು. ಏನೂ ಇಲ್ಲ, ಕೇಳಿಸುತ್ತಿದೆ ಎಂದೆ.

ಆ ಪೊದೆ ನನಗೆ ಏನು ಎಂದು ಯಾರಿಗೂ ವಿವರಿಸಲು ನನ್ನಿಂದ ಆಗಿಲ್ಲ. ಮನೆ ನನ್ನದು, ಪೊದೆ ಯಾರದ್ದೋ, ಆದರೂ ನನಗೆ ಮನೆ ಎಂದರೆ ಅದೇ ಆಗಿತ್ತು. ಕೆಲಸದಿಂದ ಬಂದು ಚಪ್ಪಲಿ ಬಿಚ್ಚುವ ಮೊದಲೇ ಹಿತ್ತಲಿನ ಬೇಲಿ ದಾಟಿ ಒಂದು ಸುತ್ತು ಹಾಕಿ ಬರುತ್ತಿದ್ದೆ. ಪಕ್ಕದ ಮನೆಯ ಅಜ್ಜಿ ತಮ್ಮ ಎರಡು ಮೇಕೆ ಹಿಡಿದು ಅಲ್ಲೇ ಇರುತ್ತಿದ್ದರು. ಅವರು ಈ ಊರಿನ ಮೂಲದವರು. ರಾಗಿ ಬೆಳೆಯುತ್ತಿದ್ದ ಹೊಲ ಬಡಾವಣೆಯಾದ ಮೇಲೆ ಉಳಿದ ಜಾಗದಲ್ಲಿ ಬಾಡಿಗೆ ರೂಮು ಕಟ್ಟಿಸಿ, ಮಗನ ಜೊತೆ ಇದ್ದರು. ಕಾರೆ ಹಣ್ಣು ಯಾವಾಗ ತಿನ್ನಬೇಕು, ಯಾವುದು ತಿಂದರೆ ನಾಲಿಗೆ ಒಗರಾಗುತ್ತದೆ, ಉಡ ಯಾವ ಹುತ್ತದಲ್ಲಿದೆ, ಎಲ್ಲ ಅವರೇ ತೋರಿಸಿದ್ದು.

ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷವಾಗಿರಬೇಕು. ಊರಿನ ಮುಂದಿನ ಹಲವು ವರ್ಷಗಳ ನಕ್ಷೆ ತಯಾರಾಗಿದೆ, ಜನ ಬಂದು ನೋಡಿ ಆಕ್ಷೇಪಣೆ ಇದ್ದರೆ ಬರೆದುಕೊಡಬಹುದು ಎಂದು ಪೇಪರಿನಲ್ಲಿ ಬಂತು. ನಾನು ರಜೆ ಹಾಕಿ ಹೋದೆ. ದೊಡ್ಡ ಹಾಲಿನಲ್ಲಿ ಹಲಗೆಗಳಿಗೆ ನಕ್ಷೆ ಹೊಡೆದಿದ್ದರು. ಅದರ ಮುಂದೆ ಜನ ಎಸ್ಸೆಸ್ಸೆಲ್ಸಿ ರಿಸಲ್ಟ್ ನೋಡುವವರ ಹಾಗೆ ಮುತ್ತಿಕೊಂಡು ಬೆರಳಿಟ್ಟು ಹುಡುಕುತ್ತಿದ್ದರು. ನಮ್ಮದನ್ನು ಹುಡುಕಲು ನನಗೆ ಅರ್ಧ ಗಂಟೆ ಬೇಕಾಯಿತು. ಹಸಿರು ಎಂದರೆ ಉದ್ಯಾನ, ಹಳದಿ ಎಂದರೆ ಮನೆಗಳು ಎಂದು ಮೂಲೆಯಲ್ಲಿ ಬರೆದಿತ್ತು. ನಮ್ಮ ಪೊದೆ ಪೂರ್ತಿ ಹಳದಿ. ಹೋಳಿಗೆಗೆ ತಟ್ಟಿದ ಹೂರಣದ ಹಾಗೆ ಅಂಚಿನ ತನಕ ಸಮನಾಗಿ ಹಳದಿ.

ಅಂದಿನಿಂದ ನಾನು ನಾನಾಗಿರಲಿಲ್ಲ. ಮನೆಮನೆ ತಿರುಗಿ ಸಹಿ ಕೇಳಿದೆ. ಹಾವು ಬರುತ್ತದೆ, ಪೊದೆ ಹೋದರೇ ಒಳ್ಳೆಯದು ಎಂದು ಕೆಲವರು ಬಾಗಿಲಲ್ಲೇ ಕಳಿಸಿದರು. ಮುಂದೆ ಅಪಾರ್ಟ್‌ಮೆಂಟ್ ಬಂದರೆ ನಮ್ಮ ರಸ್ತೆಗೂ ಟಾರು ಬರುತ್ತದಲ್ಲ ಎಂದರು ಇನ್ನು ಕೆಲವರು. ಸಹಿ ಹಾಕಿದವರು ಹನ್ನೊಂದು ಜನ, ಅದರಲ್ಲಿ ಎರಡು ನಮ್ಮದೇ. ಅಜ್ಜಿ ಹೆಬ್ಬೆಟ್ಟು ಒತ್ತಿದರು. ನಾನು ಮೂರು ಪುಟ ಆಕ್ಷೇಪಣೆ ಬರೆದೆ. ಈ ಬಡಾವಣೆ ಪೊದೆಯ ನಡುವಿನ ಬಡಾವಣೆಯಾಗಿಯೇ ಉಳಿಯಬೇಕು, ಇದ್ದ ಮನೆಗಳು ಇರಲಿ, ಹೊಸದಾಗಿ ಗಿಡ ಕಡಿಯುವುದು ಬೇಡ ಎಂದು ಬರೆದು, ಗಿಡಗಳ ಹೆಸರು, ಹಕ್ಕಿಗಳ ಹೆಸರು ಎಲ್ಲ ಪಟ್ಟಿ ಮಾಡಿದ್ದೆ. ಸ್ಟೋರ್ಸ್‌ನಲ್ಲಿ ಬೋಲ್ಟು ನಟ್ಟಿನ ಪಟ್ಟಿ ಮಾಡಿ ಮಾಡಿ ಬಂದ ಅಭ್ಯಾಸ.

ಅದನ್ನು ಕೊಡಲು ಹೋದ ಕಚೇರಿಯ ಗುಮಾಸ್ತರು ಕೆಟ್ಟವರಲ್ಲ. ಮೂರು ಪುಟವನ್ನೂ ಓದಿದರು, ಅದೇ ಹೆಚ್ಚು. ಆಮೇಲೆ ಒಂದು ರಿಜಿಸ್ಟರು ತೆಗೆದು ನಮ್ಮ ಸರ್ವೆ ನಂಬರು ತೋರಿಸಿದರು. ಅದರ ಮುಂದೆ 'ಖರಾಬು' ಎಂದಿತ್ತು. ಬೆಳೆ ಬರದ ಜಮೀನಿಗೆ ದಾಖಲೆಯಲ್ಲಿ ಹಾಗೆ ಬರೆಯುವುದು ವಾಡಿಕೆ ಎಂದು ಹೇಳಿದರು. ನನಗೆ ಮೈಯೆಲ್ಲ ಉರಿಯಿತು. ಅಷ್ಟು ಜೀವ ತುಂಬಿದ ಜಾಗಕ್ಕೆ ಕೆಟ್ಟದ್ದು ಎಂದು ಹೆಸರಿಟ್ಟು, ಆ ಹೆಸರಿನ ಮೇಲೆ ಬಣ್ಣ ಹಚ್ಚಿದ್ದಾರೆ ಎಂದು ಬಾಯಿಗೆ ಬಂದಂತೆ ಅಂದೆ. ಅವರು ಸುಮ್ಮನೆ ಕೇಳಿಸಿಕೊಂಡು, ಫೈಲು ಮುಚ್ಚುತ್ತ, ನನಗೆ ಸಹಾಯ ಮಾಡುವ ಮನಸ್ಸಿನಿಂದಲೇ ಒಂದು ಮಾತು ಹೇಳಿದರು.

"ಅಲ್ಲಿ ದೇವಸ್ಥಾನ, ಸ್ಮಶಾನ ಏನಾದ್ರೂ ಇದ್ರೆ ಹೇಳಿ ಮೇಡಂ, ಅದನ್ನ ಯಾರೂ ಮುಟ್ಟಲ್ಲ. ಬರೀ ಪೊದೆ ಇದೆ ಅಂದ್ರೆ ನಾನು ಏನಂತ ಬರೀಲಿ?"

ಇನ್ನು ಹದಿನೈದು ದಿನದಲ್ಲಿ ಸ್ಥಳ ನೋಡಲು ಜನ ಬರುತ್ತಾರೆ ಎಂದೂ ಹೇಳಿದರು. ಬಸ್ಸಿನಲ್ಲಿ ವಾಪಸು ಬರುವಾಗ ನನ್ನ ತಲೆಯಲ್ಲಿ ಬೇರೆ ಏನೂ ಇರಲಿಲ್ಲ. ಸ್ಮಶಾನ ಮಾಡಲು ಹೆಣ ಬೇಕು. ದೇವರಿಗೆ ಒಂದು ಕಲ್ಲು ಸಾಕು.

ಅಮ್ಮ ಗ್ರೈಂಡರ್ ಕೊಂಡ ಮೇಲೆ ರುಬ್ಬುವ ಕಲ್ಲನ್ನು ಯಾರಿಗೋ ಕೊಟ್ಟಿದ್ದರು. ಗುಂಡು ಮಾತ್ರ ನನ್ನ ಹತ್ತಿರ ಉಳಿದಿತ್ತು. ಗಾಳಿಗೆ ಬಾಗಿಲು ಬಡಿಯದಂತೆ ಅಡ್ಡ ಇಡುತ್ತಿದ್ದೆ. ನಲವತ್ತು ವರ್ಷ ಹಿಟ್ಟು ರುಬ್ಬಿ ರುಬ್ಬಿ ಅದು ಕನ್ನಡಿಯಂತೆ ನುಣುಪಾಗಿತ್ತು. ಗಂಡನಿಗೆ ಹೇಳಿದೆ. ಅವರು ನಗುತ್ತಾರೆ ಎಂದುಕೊಂಡಿದ್ದೆ. ನಗಲಿಲ್ಲ, ಸ್ಕೂಟರು ತೆಗೆದರು. ಮಧ್ಯಾಹ್ನ ಎರಡು ಗಂಟೆಗೆ, ಊರೆಲ್ಲ ಊಟ ಮಾಡಿ ಮಲಗಿರುವ ಹೊತ್ತಿನಲ್ಲಿ, ಪೊದೆಯ ನಟ್ಟನಡುವಿನ ಹಳೆಯ ಕಾರೆ ಗಿಡದ ಬುಡ ಆರಿಸಿಕೊಂಡೆವು. ನಟ್ಟನಡುವೆ ಇಟ್ಟರೆ ಸುತ್ತಲಿನದ್ದೆಲ್ಲ ಉಳಿಯುತ್ತದೆ ಎನ್ನುವುದು ನನ್ನ ಲೆಕ್ಕ. ಮುಳ್ಳು ತಾಗಿ ಅವರ ಕೈಯೆಲ್ಲ ರಕ್ತವಾಯಿತು. ಮಣ್ಣು ಮುಚ್ಚಿ, ಅರಿಶಿನ ಮೆತ್ತಿ, ಕುಂಕುಮ ಇಟ್ಟು, ಎರಡು ನಿಂಬೆಹಣ್ಣು ಇಟ್ಟೆ. ಹಳೆಯದಾಗಿ ಕಾಣಲಿ ಎಂದು ಒಂದಿಷ್ಟು ಎಣ್ಣೆಯನ್ನೂ ಸುರಿದೆ.

ಹತ್ತು ದಿನದ ಮೇಲೆ ಸರ್ವೆಯವರು ಇಬ್ಬರು ಬಂದರು. ಏನೂ ಗೊತ್ತಿಲ್ಲದವಳಂತೆ ನಾನು ಹಿಂದೆ ಹಿಂದೆ ಹೋದೆ. ಕಲ್ಲು ಕಂಡ ಕೂಡಲೇ ಹಿರಿಯರಾಗಿದ್ದವರು ಬೂಟು ಬಿಚ್ಚಿದರು, ಕೈಮುಗಿದರು, ಯಾವ ಅಮ್ಮ ಎಂದು ಕೇಳಿದರು. ಅದನ್ನು ನಾನು ಯೋಚಿಸಿಯೇ ಇರಲಿಲ್ಲ. ಕಣ್ಣ ಮುಂದೆ ಇದ್ದದ್ದು ಕಾರೆ ಗಿಡ. ಕಾರೆಯಮ್ಮ ಎಂದೆ. ಅವರು ಬರೆದುಕೊಂಡರು.

ನಕ್ಷೆ ಮಂಜೂರಾಗಿ ಬಂದಾಗ ನಮ್ಮ ಪೊದೆ ಹಳದಿಯಾಗಿರಲಿಲ್ಲ. ಕೆಂಪಾಗಿತ್ತು. ಹಸಿರು ಸಿಗಲಿಲ್ಲವಲ್ಲ ಎಂದು ಒಂದು ಕ್ಷಣ ಅನ್ನಿಸಿತು. ಆದರೆ ಕೆಂಪು ಎಂದರೆ ನಿಲ್ಲು ಎಂದು ತಾನೇ, ಮುಟ್ಟಬೇಡ ಎಂದು ತಾನೇ? ಸಿಗ್ನಲ್ಲಿನಲ್ಲಿ ಕಲಿತ ವಿದ್ಯೆ ನನ್ನದು. ಮೂಲೆಯಲ್ಲಿ ಏನು ಬರೆದಿದೆ ಎಂದು ನೋಡುವ ತಾಳ್ಮೆಯೂ ಇಲ್ಲದೆ, ಬರುವ ದಾರಿಯಲ್ಲಿ ಮೈಸೂರು ಪಾಕು ಕೊಂಡು, ಸಹಿ ಹಾಕಿದ ಮನೆಗಳಿಗೆಲ್ಲ ಹಂಚಿದೆ. ಸಹಿ ಹಾಕದ ಮನೆಗಳಿಗೂ ಹಂಚಿದೆ, ಅವರಿಗೆ ಸ್ವಲ್ಪ ಹೊಟ್ಟೆ ಉರಿಯಲಿ ಎಂದು. ನನ್ನ ಜೀವನದಲ್ಲಿ ಅಷ್ಟು ಪೆದ್ದಾಗಿ ಸಂತೋಷಪಟ್ಟ ದಿನ ಇನ್ನೊಂದಿಲ್ಲ.

ಮೊದಲ ದೀಪ ಹಚ್ಚಿದವಳು ಗುಲಬರ್ಗಾ ಕಡೆಯಿಂದ ಗಾರೆ ಕೆಲಸಕ್ಕೆ ಬಂದ ಒಬ್ಬ ಹೆಂಗಸು. ಹತ್ತಿರದಲ್ಲೇ ದೊಡ್ಡ ಕಟ್ಟಡವೊಂದು ಏಳುತ್ತಿತ್ತು. ಕೆಲಸದವರು ಪೊದೆಯ ಅಂಚಿನಲ್ಲಿ ತಗಡಿನ ಶೆಡ್ಡು ಹಾಕಿಕೊಂಡಿದ್ದರು. ದಿನಾ ಮಣ್ಣಿನ ಹಣತೆ ಕಾಣಿಸತೊಡಗಿದಾಗ ನನಗೆ ಖುಷಿಯೇ ಆಯಿತು; ದೇವಿ ಇನ್ನಷ್ಟು ನಿಜವಾದಳು ಎಂದು. ಆಮೇಲೆ ದೀಪಕ್ಕೆ ಗಾಳಿ ಬಡಿಯದಿರಲಿ ಎಂದು ಒಂದು ತಗಡು ಬಂತು. ತಗಡಿಗೆ ನಾಲ್ಕು ಕಂಬ ಬಂದವು. ಮಂಗಳವಾರ ಶುಕ್ರವಾರ ನಾಲ್ಕಾರು ಜನ ಇದ್ದದ್ದು ನಲವತ್ತಾಯಿತು. ನಡೆದಾಡಲು ಕಷ್ಟ ಎಂದು ಎಲಚಿ ಪೊದೆ ಸವರಿ ದಾರಿ ಮಾಡಿದರು. ದಾರಿಯಲ್ಲಿ ಮುಳ್ಳು ಚುಚ್ಚುತ್ತದೆ ಎಂದು ಅದನ್ನು ಅಗಲ ಮಾಡಿದರು. ಪ್ರತಿ ಸಲವೂ ಇಷ್ಟೇ ತಾನೇ, ಇಷ್ಟಕ್ಕೆ ನಿಲ್ಲುತ್ತದೆ ಎಂದುಕೊಂಡು ನಾನು ಬಾಯಿ ಮುಚ್ಚಿಕೊಂಡಿದ್ದೆ. ಬಾಯಿ ಬಿಟ್ಟರೆ ಏನು ಹೇಳಬೇಕಿತ್ತು?

ಕಾರೆಯಮ್ಮನ ಹೆಸರಿನಲ್ಲಿ ಒಂದು ಸೇವಾ ಸಮಿತಿ ಹುಟ್ಟಿಕೊಂಡಿತು, ಅಜ್ಜಿಯ ಮಗನೇ ಅದರ ಅಧ್ಯಕ್ಷನಾದ. ಮೂರು ನಾಲ್ಕು ವರ್ಷದಲ್ಲಿ ಸಮಿತಿ ದೊಡ್ಡದಾಯಿತು. ಗರ್ಭಗುಡಿ, ಮುಂದೆ ಮಂಟಪ, ಪಕ್ಕದಲ್ಲಿ ಮದುವೆಗೆ ಬಾಡಿಗೆ ಕೊಡುವ ಸಮುದಾಯ ಭವನ, ಉಳಿದದ್ದೆಲ್ಲ ವಾಹನ ನಿಲ್ಲಿಸಲು. ಇದು ಅವರ ಯೋಜನೆ. ನಾನು ನಕ್ಷೆ ಹಿಡಿದುಕೊಂಡು ಅವನ ಮನೆಗೆ ಓಡಿದೆ. ಈ ಜಾಗ ಕೆಂಪು ಬಣ್ಣದಲ್ಲಿದೆ, ಮುಟ್ಟುವಂತಿಲ್ಲ ಎಂದೆ. ಅವನು ನಕ್ಷೆಯನ್ನು ತಿರುಗಿಸಿ, ಮೂಲೆಯಲ್ಲಿದ್ದ ಬಣ್ಣಗಳ ವಿವರವನ್ನು ನನಗೇ ಓದಿ ಹೇಳಿದ. ಕೆಂಪು ಎಂದರೆ ಸಾರ್ವಜನಿಕ ಕಟ್ಟಡಗಳು. ಗುಡಿ, ಭವನ, ಸ್ಕೂಲು, ಆಸ್ಪತ್ರೆ. ಹಳದಿಯಾಗಿದ್ದರೆ ನಾವು ಭವನ ಕಟ್ಟಲು ಅಲೆದಾಡಬೇಕಿತ್ತು ಅಕ್ಕ, ದೇವಿಯೇ ಮುಂದೆ ನಿಂತು ಕೆಂಪು ಮಾಡಿಸಿಕೊಟ್ಟಿದ್ದಾಳೆ ಎಂದು ಕೈಮುಗಿದ. ನಾನು ಅವರ ಜಗಲಿಯ ಮೇಲೆಯೇ ಕುಳಿತೆ. ಅಜ್ಜಿ ನೀರು ತಂದುಕೊಟ್ಟರು.

ನಾನು ಮತ್ತೆ ಅದೇ ಕಚೇರಿಗೆ ಹೋದೆ. ಆ ಗುಮಾಸ್ತರಿಗೆ ವರ್ಗವಾಗಿತ್ತು. ಹೊಸಬರು ಫೈಲು ತೆಗೆದು, ಇಲ್ಲಿ ದೇವಸ್ಥಾನವಿದೆ ಎಂದು ತೋರಿಸಿಕೊಟ್ಟದ್ದು ತಾವೇ ತಾನೇ ಮೇಡಂ ಎಂದು ಕೇಳಿದರು. ಹೌದು ಎಂದೆ. ಈಗ ದೇವಸ್ಥಾನ ಬೇಡ ಎನ್ನುತ್ತಿರುವವರೂ ತಾವೇನಾ ಎಂದರು. ಅದಕ್ಕೂ ಹೌದು ಎಂದೆ. ಅವರು ನನ್ನನ್ನು ನೋಡಿದ ರೀತಿ ನೆನೆಸಿಕೊಂಡರೆ ಈಗಲೂ ಮುಖ ಬಿಸಿಯಾಗುತ್ತದೆ.

ಊಟ ಸೇರುತ್ತಿರಲಿಲ್ಲ. ಕೆಲಸದಲ್ಲಿ ಎರಡು ಸಲ ತಪ್ಪು ಸಾಮಾನು ಕಳಿಸಿ ಬೈಸಿಕೊಂಡೆ. ಒಂದು ದಿನ ಗಂಡ, ಇಟ್ಟವಳು ನೀನು, ನೀನೇ ಹೋಗಿ ತೆಗೆದುಕೊಂಡು ಬಂದುಬಿಡು ಎಂದರು. ತಮಾಷೆಗೆ ಅಂದರೋ ನಿಜಕ್ಕೋ ತಿಳಿಯಲಿಲ್ಲ. ನಾನು ನಿಜ ಎಂದೇ ಹಿಡಿದೆ. ಭಾನುವಾರ ಮಧ್ಯಾಹ್ನ, ಚೀಲದಲ್ಲಿ ಸುತ್ತಿಗೆ ಉಳಿ ಇಟ್ಟುಕೊಂಡು ಹೋದೆ. ಕಲ್ಲು ಅಲುಗಾಡುವಂತಿರಲಿಲ್ಲ. ಸುತ್ತ ಗಟ್ಟಿ ಕಟ್ಟೆ, ನಯವಾಗಿ ಗಾರೆ ಮಾಡಿದ ಕಟ್ಟೆ. ಗಾರೆ ಕೆಲಸದ ಆ ಹೆಂಗಸು ಅಲ್ಲೇ ಕೂತು ಅದನ್ನು ತೊಳೆಯುತ್ತಿದ್ದಳು. ಕಟ್ಟೆ ತಾನೇ ಕಟ್ಟಿದ್ದು ಎಂದು ಹೆಮ್ಮೆಯಿಂದ ಹೇಳಿದಳು; ಕೆಲಸದಲ್ಲಿ ಉಳಿದ ಕಲಸಿದ ಸಿಮೆಂಟನ್ನು ಮೇಸ್ತ್ರಿಯನ್ನು ಕೇಳಿ ಬಾಣಲೆಯಲ್ಲಿ ಹೊತ್ತು ತಂದಳಂತೆ. ನಾನು ಯಾಕೆ ಇಷ್ಟು ಭಕ್ತಿ ಎಂದು ಕೇಳಿದೆ. ಸ್ವಲ್ಪ ಒರಟಾಗಿಯೇ ಕೇಳಿದೆ.

"ಯಕ್ಕಾ, ನಮಗ ಶೆಡ್ಡಿನ್ಯಾಗ ಪಾಯಖಾನಿ ಇಲ್ರಿ, ಇಲ್ಲೇ ಬರಬೇಕು. ಮೊದಲ ಗಂಡಸರು ಹಿಂದಿಂದ ಬಂದು ನಿಲ್ತಿದ್ರು, ಭಾಳ ಅಂಜಿಕಿ ಇತ್ತು. ಈಗ ದೀಪ ಹಚ್ಚೀನಿ, ಯಾರೂ ಈ ಕಡೆ ಹಾಯಂಗಿಲ್ಲ. ಅವ್ವ ಅದಾಳಲ್ರಿ."

ನನ್ನ ಆಕ್ಷೇಪಣೆಯ ಮೂರು ಪುಟದಲ್ಲಿ ಗಿಡಗಳಿದ್ದವು, ಹಕ್ಕಿಗಳಿದ್ದವು, ಉಡ ಕೂಡ ಇತ್ತು. ಈ ಹೆಂಗಸರು ಇರಲಿಲ್ಲ. ದಿನಾ ಸುತ್ತು ಹಾಕುತ್ತಿದ್ದವಳು ನಾನು, ಅವರು ತಂಬಿಗೆ ಹಿಡಿದು ಹೋಗುವುದನ್ನು ಕಂಡು ಮುಖ ತಿರುಗಿಸಿ ನಡೆದವಳೂ ನಾನೇ. ಚೀಲದ ಬಾಯಿ ಬಿಗಿಯಾಗಿ ಹಿಡಿದುಕೊಂಡು ಮನೆಗೆ ಬಂದೆ. ಸುತ್ತಿಗೆ ಉಳಿಯನ್ನು ಇದ್ದ ಕಡೆಯೇ ವಾಪಸು ಇಟ್ಟೆ.

ಮುಂದಿನ ವರ್ಷ ಆ ಕಟ್ಟಡ ಮುಗಿದು, ಶೆಡ್ಡಿನವರನ್ನು ಎಲೆಕ್ಟ್ರಾನಿಕ್ ಸಿಟಿ ಕಡೆಯ ಕೆಲಸಕ್ಕೆ ಲಾರಿಯಲ್ಲಿ ಕರೆದುಕೊಂಡು ಹೋದರು. ಅವಳು ಹೇಳಿ ಹೋಗಲು ಬಂದಿದ್ದಳಂತೆ, ನಾನು ಕೆಲಸಕ್ಕೆ ಹೋಗಿದ್ದೆ. ಅವಳು ಹೋದ ಒಂದು ತಿಂಗಳಿಗೆ ಸಮಿತಿಯವರು ಭೂಮಿಪೂಜೆಗೆ ಮುಹೂರ್ತ ಇಟ್ಟರು.

ಅವತ್ತು ಬೆಳಿಗ್ಗೆ ಎದ್ದಾಗ ಒಂದೇ ದಾರಿ ಉಳಿದಿದೆ ಎಂದು ನನಗೆ ಗೊತ್ತಿತ್ತು. ನಿಜ ಹೇಳಿಬಿಡುವುದು. ದೇವಿಯೇ ಇಲ್ಲ ಎಂದ ಮೇಲೆ ಗುಡಿ ಯಾಕೆ, ಭವನ ಯಾಕೆ? ಊರು ನನಗೆ ಉಗಿಯಲಿ, ಹೊಡೆಯಲಿ, ಮನೆ ಮಾರಿಕೊಂಡು ಹೋಗು ಎನ್ನಲಿ. ಪೊದೆ ಉಳಿದರೆ ಸಾಕು. ಗಂಡನಿಗೂ ಹೇಳದೆ ಹೋದೆ. ಶಾಮಿಯಾನ ಹಾಕಿದ್ದರು. ಹುಣಸೆ ಮರದ ಪಕ್ಕದಲ್ಲಿ ಜೆಸಿಬಿ ಬಂದು ನಿಂತಿತ್ತು, ಅದಕ್ಕೂ ಚೆಂಡು ಹೂವಿನ ಹಾರ ಹಾಕಿ, ಮೂತಿಗೆ ಕುಂಕುಮ ಇಟ್ಟಿದ್ದರು. ಇಡೀ ಬಡಾವಣೆ ಸೇರಿತ್ತು. ನಾನು ಮುಂದೆ ಹೋಗಿ ನಿಂತು, ಅರ್ಚಕರ ಮಂತ್ರ ಮುಗಿಯುವುದನ್ನೂ ಕಾಯದೆ ಹೇಳಿಬಿಟ್ಟೆ. ಇದು ದೇವರಲ್ಲ, ನಮ್ಮಮ್ಮನ ರುಬ್ಬುಗುಂಡು, ನಾನೇ ತಂದು ಇಟ್ಟದ್ದು, ಗಿಡ ಕಡಿಯದಿರಲಿ ಎಂದು ಇಟ್ಟದ್ದು, ಕಾರೆಯಮ್ಮ ಎನ್ನುವ ಹೆಸರೂ ನನ್ನದೇ. ಒಂದು ಮಾತೂ ಬಿಡದೆ ಹೇಳಿದೆ.

ಯಾರೂ ಬೈಯಲಿಲ್ಲ. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ ಅಜ್ಜಿ ಎದ್ದು ಬಂದು ನನ್ನ ಕೈ ಹಿಡಿದುಕೊಂಡರು.

"ಗೊತ್ತು ಕಣವ್ವ. ನಾನೇನು ರುಬ್ಬುಗುಂಡು ಕಾಣ್ದೋಳಾ? ನೋಡಿದ್ ದಿನವೇ ಗೊತ್ತಾಯ್ತು. ಆದ್ರೆ ಬರೋಳು ಯಾವ ಕಲ್ನಾಗಾದ್ರೂ ಬತ್ತಾಳೆ. ಅಷ್ಟು ಜನ ಇದ್ದೂ ನಿಮ್ಮನೆ ಕಲ್ನಾಗೇ ಬಂದವ್ಳೆ, ನಿನ್ ಕೈಲೇ ತರಿಸ್ಕಂಡವ್ಳೆ. ಇನ್ನೇನ್ ಬೇಕವ್ವ ನಿಂಗೆ?"

ಅವರು ಹಾಗೆಂದದ್ದೇ ತಡ, ಹಿಂದಿದ್ದ ಹೆಂಗಸರು ಕೈಮುಗಿದರು. ಕಲ್ಲಿಗಲ್ಲ, ನನಗೆ. ಒಬ್ಬಾಕೆ ನನ್ನ ಕಾಲು ಮುಟ್ಟಲು ಬಗ್ಗಿದಳು. ನಾನು ಬೇಡ ಬೇಡ ಎಂದು ಹಿಂದೆ ಸರಿದೆ. ನಾನು ಹೇಳಿದ್ದು ನಿಮಗೆ ಅರ್ಥವಾಗಲಿಲ್ಲ, ಗಿಡ ಉಳಿಯಲಿ ಎಂದು ಮಾಡಿದ್ದು ಎಂದು ಮತ್ತೆ ಹೇಳಲು ಹೋದೆ. ಅಷ್ಟರಲ್ಲಿ ಅಜ್ಜಿಯ ಮಗ, ಮೊದಲ ಕಾಯಿ ಅಕ್ಕನೇ ಒಡೆಯಲಿ, ಅದು ಅವರ ಹಕ್ಕು ಎಂದು ಎಲ್ಲರಿಗೂ ಕೇಳುವಂತೆ ಹೇಳಿದ. ಯಾರೋ ನನ್ನ ಕೈಗೆ ತೆಂಗಿನಕಾಯಿ ಇಟ್ಟರು. ಯಾರೋ ಹಣೆಗೆ ಕುಂಕುಮ ಹಚ್ಚಿದರು. ಅಜ್ಜಿ ನನ್ನ ಮುಖವನ್ನೇ ನೋಡುತ್ತಿದ್ದರು, ನನಗೆ ದೊಡ್ಡದೇನೋ ಕೊಟ್ಟವರ ಸಂತೋಷದಲ್ಲಿ.

ಆ ಕಾಯಿಯನ್ನು ನೆಲಕ್ಕೆ ಇಟ್ಟು ಮನೆಗೆ ಬರಬಹುದಿತ್ತು. ಎಷ್ಟೋ ಸಲ ಮನಸ್ಸಿನಲ್ಲಿ ಹಾಗೆ ಬಂದಿದ್ದೇನೆ. ಅವತ್ತು ಮಾತ್ರ ನನ್ನಲ್ಲಿ ಏನೂ ಉಳಿದಿರಲಿಲ್ಲ. ಸುಳ್ಳಿಗೂ ನನಗೆ ಪೊದೆ ಸಿಗಲಿಲ್ಲ, ನಿಜಕ್ಕೂ ಸಿಗಲಿಲ್ಲ. ಕಾಯಿ ಎತ್ತಿ ಕಲ್ಲಿಗೆ ಹೊಡೆದೆ. ಅದು ಒಂದೇ ಏಟಿಗೆ ಸರಿಯಾಗಿ ಎರಡು ಹೋಳಾಯಿತು, ಶುಭ ಎಂದು ಅರ್ಚಕರು ಹೇಳಿದರು. ಜೆಸಿಬಿಯವನು ಇಂಜಿನ್ ಹಾಕಿ, ಅಪ್ಪಣೆಗೆ ಕಾಯುವವನಂತೆ ನನ್ನನ್ನೇ ನೋಡಿದ. ನಾನು ಅವನ ದಾರಿಗೆ ಅಡ್ಡ ನಿಂತಿದ್ದೆ. ಪಕ್ಕಕ್ಕೆ ಸರಿದೆ.